ಕಿತ್ತವರೇ ಹಚ್ಚಿದರು

ಚಳವಳಿ ಎಂದರೆ ಸಾಕು, ಮಾಳಮಡ್ಡಿಯ ಕಟ್ಟೆಗಳ ಮೇಲೆ ‘ಮತ್ತ ಕಲ್ಲ ತೂರಾಟ ಏನಪಾ?’ ಎಂಬ ಮಾತೇ ಮೊದಲು. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಎಲ್ಲ ಚಳವಳಿಯನ್ನೂ ಒಂದೇ ಗಂಟಿಗೆ ಕಟ್ಟಬಾರದು. ಕಾನೂನು ಮುರಿಯುವವ ಬಹಿರಂಗವಾಗಿ, ಅಹಿಂಸೆಯಿಂದ ಮುರಿಯಬೇಕು, ಶಿಕ್ಷೆಗೂ ಸಿದ್ಧನಿರಬೇಕು ಎಂದು ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ಬರೆದರು. (ಗಾಂಧೀಜಿ ಅದನ್ನು ಮೊದಲೇ ಮಾಡಿ ತೋರಿಸಿದ್ದರು, ಆ ಮಾತು ಬ್ಯಾರೆ.)

ದೂರ ಯಾಕೆ? 1987ರ ನವೆಂಬರ್ 14ರಂದು ನಮ್ಮ ಧಾರವಾಡದ ಸಮಾಜ ಪರಿವರ್ತನ ಸಮುದಾಯದವರು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ, ರೈತರೊಡನೆ, ಕಂಪನಿ ನೆಟ್ಟ ನೀಲಗಿರಿ ಸಸಿಗಳನ್ನು ಹಾಡುಹಗಲೇ ಕಿತ್ತರು. ಕಿತ್ತು ಸುಮ್ಮನಾಗಲಿಲ್ಲ, ಜನಕ್ಕೆ ಬೇಕಾದ ಗಿಡ ಹಚ್ಚಿದರು. ಮುಖ ಮುಚ್ಚಿಕೊಂಡು ಬಸ್ಸಿನ ಗಾಜು ಒಡೆಯುವವನಿಗೆ ಈ ಎರಡನೇ ಕೆಲಸ ಬರೂದಿಲ್ಲ. ಆ ಕಂಪನಿಯನ್ನು 1991ರಲ್ಲಿ ಸರಕಾರವೇ ಮುಚ್ಚಿತು.