ಅಂತರಗಂಗೆಯ ಹುಳುವೂ ಗ್ರಾಮದ ಕೆರೆಯೂ

ನಂಜನಗೂಡು ತಾಲ್ಲೂಕಿನ ಕವಲಂದೆ ಹೋಬಳಿಯಲ್ಲಾಗಲಿ, ತಿರುಮಕೂಡಲು ನರಸೀಪುರದ ಸೀಮೆಯಲ್ಲಾಗಲಿ ಕೆರೆಯು ಗ್ರಾಮದ ಐಶ್ವರ್ಯವು. ಅಂತಹ ಕೆರೆಯಲ್ಲಿ ಅಂತರಗಂಗೆಯು ಬೇರೂರಿತೆಂದರೆ, ತಾಯಿಗಿಡದಿಂದ ಕುಡಿಯೊಡೆದು ಮರಿಗಿಡಗಳು ಹುಟ್ಟಿ, ನೀರೆಲ್ಲವೂ ಹಸುರು ಚಾಪೆಯಿಂದ ಮುಚ್ಚಿಹೋಗುವುದು. ಬೆಳಕೂ ಗಾಳಿಯೂ ಸಾಲದೆ ಮೀನು ಕ್ಷೀಣಿಸುವುದು. ತೂಬಿನ ಬಾಯಿ ಕಟ್ಟುವುದು. ಮ್ಯಾನ್ಸೋನಿಯ ಜಾತಿಯ ಸೊಳ್ಳೆಯ ಮರಿಗಳು ಈ ಗಿಡದ ಬೇರನ್ನು ಚುಚ್ಚಿ ಉಸಿರಾಡುವುವು. ಕೇರಳದ ಚೇರ್ತಲೆಯ ಕಡೆ ಆನೆಕಾಲು ರೋಗವನ್ನು ಹರಡಿದ ಸೊಳ್ಳೆಗಳು ಇವೇ.

ಈ ಕಳೆಗೆ ನಮ್ಮ ದೇಶದಲ್ಲಿಯೇ ಶತ್ರುವೊಂದುಂಟು. ಅದು ಸ್ಪೊಡಾಪ್ಟೆರಾ ಪೆಕ್ಟಿನಿಕಾರ್ನಿಸ್ ಎಂಬ ಇರುಳು ಪತಂಗ. ಇದು ಎಲೆಗಳ ಮೇಲೆ ಗುಂಪಾಗಿ ಮೊಟ್ಟೆಯಿಟ್ಟು ರೋಮದಿಂದ ಮುಚ್ಚುವುದು. ಹುಳುಗಳು ಎಲೆಯನ್ನು ಕೊರೆದು ತಿಂದು, ಎಲೆಯ ಬುಡದಲ್ಲಿ ಕೋಶವಾಗುವುವು. ಇದು ಹೊಗೆಸೊಪ್ಪಿನ ಹುಳುವಿನ ದಾಯಾದಿಯಾದುದರಿಂದ, ಪೈರಿಗೂ ಬಂದೀತೆಂದು ರೈತರು ಭಯಪಡುವುದು ಸಹಜ. ಆದರೆ ಇದರ ಆಹಾರ ಅಂತರಗಂಗೆಯೇ. ಭತ್ತದ ಎಲೆಯನ್ನು ಕತ್ತರಿಸಿ ಕೊಳವೆ ಮಾಡಿಕೊಂಡು ತೇಲುವ ಕೊಳವೆ ಹುಳುವು ಬೇರೆ. ಅದಕ್ಕೆ ಗದ್ದೆಯ ನೀರನ್ನು ಬಸಿಯುವುದೇ ಮದ್ದು. ಎರಡನ್ನೂ ಒಂದೇ ಎಂದೆಣಿಸಿ ಕೆರೆಗೆ ವಿಷವನ್ನು ಸುರಿಯುವುದು ಕೇವಲ ಅವಿವೇಕ. ಅದರಿಂದ ಉಪಕಾರಿ ಹುಳುವೂ ಮೀನೂ ನಾಶವಾಗಿ, ಕಳೆ ಮಾತ್ರ ಉಳಿಯುವುದು. ದನಗಳು ಕುಡಿಯುವ ನೀರೂ ಕೆಡುವುದು.

ಹಾಗೆಂದು ಸಕಲ ಭಾರವನ್ನೂ ಹುಳುವಿನ ಮೇಲೆ ಹೊರಿಸಿ ಕೈಕಟ್ಟಿ ಕೂರುವುದೂ ತರವಲ್ಲ. ಅಮೆರಿಕದ ಫ್ಲಾರಿಡಾ ಪ್ರಾಂತ್ಯದವರು ಈ ಪತಂಗವನ್ನು ಥಾಯ್ಲೆಂಡಿನಿಂದ ತರಿಸಿ, ಪರೀಕ್ಷಿಸಿ, 1990ರಿಂದ ಬಿಟ್ಟರೂ ಅದು ಅಲ್ಲಿ ನೆಲೆಗೊಳ್ಳಲಿಲ್ಲ. ಕೀಟವು ಆಳಿನಂತೆ ಹೇಳಿದ ಕೂಡಲೆ ಕೆಲಸ ಮಾಡುವುದಲ್ಲ. ಕಳೆಯು ಹುಳುವಿಗಾಗಿ ಕಾಯುವುದೂ ಇಲ್ಲ.

ಆದಕಾರಣ ಗ್ರಾಮದ ಮುಖಂಡರೂ ಜಮೀನುದಾರರೂ ಮೊದಲು ತಮ್ಮ ಕೈಯನ್ನು ನಂಬುವುದು ಯುಕ್ತ. ಬೇಸಗೆಯಲ್ಲಿ ನೀರು ತಗ್ಗಿದಾಗ ಮನೆಗೊಂದಾಳಿನಂತೆ ಕೂಡಿ ಕಳೆಯನ್ನು ಎಳೆದು ದಡದಿಂದ ದೂರ ಗುಂಡಿಗೆ ಹಾಕಿದರೆ, ಕೆರೆಯೂ ತಿಳಿಯಾಗುವುದು, ಗೊಬ್ಬರವೂ ದೊರೆಯುವುದು. ಕೈಗೆ ಸಿಕ್ಕದೆ ಉಳಿದ ಗಿಡಗಳಲ್ಲಿ ತೂತುಬಿದ್ದ ಎಲೆಗಳು ಕಂಡುಬಂದಲ್ಲಿ, ಅವುಗಳನ್ನು ಹುಳುವಿಗೇ ಬಿಡಬಹುದು. ಒಂದೇ ಗಿಡ ಉಳಿದರೂ ಮುಂದಿನ ಮಳೆಗೆ ಚಾಪೆ ಮತ್ತೆ ಹಾಸುವುದರಿಂದ, ಈ ಕಾರ್ಯವು ವರ್ಷಂಪ್ರತಿ ನಡೆಯತಕ್ಕದ್ದು. ಕೆರೆಯು ಯಾರೊಬ್ಬರದೂ ಅಲ್ಲವೆಂಬ ಮಾತೇ ಅದನ್ನು ಕೆಡಿಸಿರುವುದು. ಅದು ಎಲ್ಲರದೆಂದು ನಡೆದುಕೊಂಡಲ್ಲಿ ಮಾತ್ರವೇ ಅದು ಉಳಿಯುವುದು.