ಗೊತ್ತಿದ್ದರೂ ಪಂಚಾಂಗ ನೋಡು

ಪುಟಾಣಿಗಳೇ, ಕಾರ್ ರೇಸ್ ಎಂದರೆ ಕಣ್ಣರಳಿಸುವ ನಿಮಗೂ, ನಿಮ್ಮ ಪಕ್ಕದಲ್ಲಿ ಕೂತು ‘ಇದು ಯಾವಾಗ ಮುಗಿಯುತ್ತಪ್ಪಾ?’ ಎಂದು ಕೇಳುವ ಅಜ್ಜ-ಅಜ್ಜಿಯರಿಗೂ ಈ ವಾರ ಒಂದೇ ಪಾಠ.

2023ರಲ್ಲಿ ಅಮೆರಿಕದ ಲಾಸ್ ವೇಗಸ್ ನಗರದ ಬೀದಿಗಳಲ್ಲಿ ಫಾರ್ಮುಲಾ ಒನ್ ರೇಸ್ ನಡೆಯಿತು. ಅಲ್ಲಿನವರ ವೇಳಾಪಟ್ಟಿಯಲ್ಲಿ ಇದ್ದದ್ದು ನವೆಂಬರ್ 18, ಶನಿವಾರ ರಾತ್ರಿ 10 ಗಂಟೆ. ಅದನ್ನೇ ನಂಬಿ ನಮ್ಮಲ್ಲಿ ಯಾರಾದರೂ ಶನಿವಾರ ರಾತ್ರಿ ಊಟ ಮುಗಿಸಿ ಟಿವಿ ಮುಂದೆ ಕೂತಿದ್ದರೆ, ಲಾಸ್ ವೇಗಸ್‌ನಲ್ಲಿ ಆಗಿನ್ನೂ ಬೆಳಿಗ್ಗೆ ಎಂಟೂವರೆ! ರೇಸ್ ಶುರುವಾಗಬೇಕಿದ್ದ ಹೊತ್ತಿಗೆ ನಮ್ಮ ಗಡಿಯಾರದಲ್ಲಿ ಭಾನುವಾರ ಬೆಳಿಗ್ಗೆ ಹನ್ನೊಂದೂವರೆ.

‘ರೇಸ್ ಯಾವಾಗ?’ ಎಂದು ನೀವು ಈಗ ಫೋನಿನಲ್ಲಿರುವ ಎಐಯನ್ನು ಕೇಳುತ್ತೀರಿ. ಅದು ಹೇಗೆ ಉತ್ತರ ಕೊಡುತ್ತದೆ ಗೊತ್ತೇ? ಎಐ ರಾಶಿ ರಾಶಿ ಬರಹಗಳನ್ನು ಓದಿ ಕಲಿತಿರುತ್ತದೆ. ಆದರೆ ಆ ಓದು ಯಾವುದೋ ಒಂದು ದಿನಕ್ಕೆ ನಿಂತಿರುತ್ತದೆ. ಆಮೇಲೆ ಆದದ್ದು ಅದಕ್ಕೆ ತಾನಾಗಿ ತಿಳಿಯದು. ಆದರೂ ಕೇಳಿದರೆ ಒಮ್ಮೊಮ್ಮೆ ಊಹಿಸಿ, ತುಸುವೂ ತಡವರಿಸದೆ ಹೇಳಿಬಿಡುತ್ತದೆ. ಅಪಾಯ ಇರುವುದು ಅಲ್ಲೇ.

ನಮ್ಮಜ್ಜ ಬೆರಳು ಮಡಿಸಿಯೇ ತಿಥಿ ಎಣಿಸಬಲ್ಲವರು. ಆದರೂ ‘ಏಕಾದಶಿ ಯಾವತ್ತು?’ ಎಂದು ಯಾರಾದರೂ ಕೇಳಿದರೆ, ಮೊಳೆಗೆ ನೇತುಹಾಕಿದ್ದ ಪಂಚಾಂಗ ತೆಗೆದು, ಕನ್ನಡಕ ಏರಿಸಿ, ನೋಡಿಯೇ ಹೇಳುತ್ತಿದ್ದರು. ‘ಒಬ್ಬರು ಉಪವಾಸ ಇರೋ ವಿಷಯ, ಅಂದಾಜಿನಲ್ಲಿ ಹೇಳಬಾರದು’ ಎನ್ನುವುದು ಅವರ ಮಾತು. ಹಳೆ ವರ್ಷದ ಪಂಚಾಂಗ ಮನೆಯಲ್ಲಿದ್ದರೂ ಮುಟ್ಟುತ್ತಿರಲಿಲ್ಲ. ಯುಗಾದಿಗೆ ಹೊಸದು ಬರಲೇಬೇಕು.

ಎಐಗೂ ಈಗ ಇದೇ ಅಭ್ಯಾಸ ಮಾಡಿಸುತ್ತಿದ್ದಾರೆ. ಬರೀ ಮಾತಾಡದೆ, ಹೇಳಿದ ಕೆಲಸವನ್ನು ಹಂತಹಂತವಾಗಿ ಮಾಡಿ ಮುಗಿಸುವ ಎಐಗೆ ‘ಏಜೆಂಟ್’ ಎನ್ನುತ್ತಾರೆ. ಅದರ ಕೈಗೆ ‘ಟೂಲ್’ ಎಂಬ ಪುಟ್ಟ ಪ್ರೋಗ್ರಾಮ್ ಕೊಡುತ್ತಾರೆ. ರೇಸ್ ವೇಳಾಪಟ್ಟಿಯ ಟೂಲ್ ಒಂದು ಪಂಚಾಂಗವಿದ್ದ ಹಾಗೆ. ನೀವು ಪ್ರಶ್ನೆ ಕೇಳಿದ ಕೂಡಲೇ ಏಜೆಂಟ್ ಅದಕ್ಕೆ ವರ್ಷ, ಊರು ಇಷ್ಟನ್ನು ಕೊಡುತ್ತದೆ. ಟೂಲ್ ಇವತ್ತಿನ ಪಟ್ಟಿ ನೋಡಿ ರೇಸಿನ ಹೆಸರು, ಟ್ರ್ಯಾಕ್, ದಿನ, ಸಮಯ ತಂದುಕೊಡುತ್ತದೆ. ಅದನ್ನು ಏಜೆಂಟ್ ನಮ್ಮ ಮಾತಿನಲ್ಲಿ ಹೇಳುತ್ತದೆ. ಇಂಥ ಟೂಲ್‌ಗಳನ್ನು ಬೇರೆ ಬೇರೆ ಎಐಗಳಿಗೆ ಒಂದೇ ರೀತಿಯಲ್ಲಿ ಜೋಡಿಸಲು ‘ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್’ ಎಂಬ ಪದ್ಧತಿಯೂ 2024ರ ನವೆಂಬರಿನಲ್ಲಿ ಬಂತು. ಹಲವು ಫೋನಿಗೆ ಒಂದೇ ಚಾರ್ಜರ್ ಹೊಂದುವುದಿಲ್ಲವೇ, ಹಾಗೆ.

‘ಪಟ್ಟಿ ಒಮ್ಮೆ ಬಾಯಿಪಾಠ ಮಾಡಿದರೆ ಸಾಲದೇ?’ ಎನ್ನಬಹುದು ನೀವು. ಸಾಲದು. 2023ರ ಮೇ 21ಕ್ಕೆ ಇಟಲಿಯ ಇಮೊಲಾದಲ್ಲಿ ರೇಸ್ ಎಂದು ಪಟ್ಟಿಯಲ್ಲಿತ್ತು. ಆ ವಾರವೇ ಪ್ರವಾಹ ಬಂತು, ರೇಸ್ ರದ್ದಾಯಿತು. 2020ರ ಮಾರ್ಚ್ 13ರಂದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಕಾರುಗಳೆಲ್ಲ ಬಂದು ಸೇರಿದ್ದವು. ಕೊರೊನಾದಿಂದಾಗಿ, ಮೊದಲ ಅಭ್ಯಾಸಕ್ಕೆ ಕೆಲವೇ ಗಂಟೆ ಇರುವಾಗ ಎಲ್ಲವೂ ನಿಂತಿತು. ಹಳೆಯ ಪಟ್ಟಿ ಓದಿದ್ದ ಎಐ ಟೂಲ್ ನೋಡದೆ ಉತ್ತರಿಸಿದ್ದರೆ, ನಡೆಯದ ರೇಸಿಗೂ ಹೊತ್ತು ಹೇಳಿಬಿಡುತ್ತಿತ್ತು.

ಇನ್ನೊಂದು ಪ್ರಶ್ನೆ ಬಾಕಿ ಇದೆ: ಯಾರ ಊರಿನ ಸಮಯ? ಪಂಚಾಂಗವನ್ನೂ ಒಂದು ಊರಿನ ಸೂರ್ಯೋದಯ ಹಿಡಿದೇ ಗುಣಿಸುತ್ತಾರೆ. ಬೆಂಗಳೂರಿಗಿಂತ ಮಂಗಳೂರಿನಲ್ಲಿ ಸೂರ್ಯ ಸುಮಾರು ಹತ್ತು ನಿಮಿಷ ತಡವಾಗಿ ಹುಟ್ಟುತ್ತಾನೆ. ರೇಸ್ ಟೂಲ್‌ಗಳು ಈ ಗೊಂದಲ ಬೇಡವೆಂದು ಸಮಯವನ್ನು ಸಾಮಾನ್ಯವಾಗಿ ‘ಯುಟಿಸಿ’ ಎಂಬ ಜಾಗತಿಕ ಲೆಕ್ಕದಲ್ಲಿ ಇಡುತ್ತವೆ. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಭಾರತದ ಸಮಯ. ಲಾಸ್ ವೇಗಸ್ ರೇಸ್ ಯುಟಿಸಿಯಲ್ಲಿ ಭಾನುವಾರ ಬೆಳಿಗ್ಗೆ 6. ಕೂಡಿಸಿ ನೋಡಿ, ಹನ್ನೊಂದೂವರೆ ಬಂತಲ್ಲ!

ಹಾಗಾಗಿ ಎಐ ಏನಾದರೂ ದಿನ-ಹೊತ್ತು ಹೇಳಿದರೆ ಎರಡು ಮಾತು ಕೇಳಿ: ‘ಈಗ ನೋಡಿ ಹೇಳಿದೆಯಾ, ನೆನಪಿನಿಂದಲಾ? ಇದು ಯಾವ ಊರಿನ ಸಮಯ?’ ಟೂಲ್ ಕೆಲಸ ಮಾಡದಿದ್ದಾಗ ‘ಪಟ್ಟಿ ಸಿಗಲಿಲ್ಲ’ ಎನ್ನುವ ಎಐ ಒಳ್ಳೆಯದು. ಬಾಯಿಗೆ ಬಂದ ಹೊತ್ತು ಹೇಳುವುದಲ್ಲ. ರೇಸ್ ತಪ್ಪಿದರೆ ಹೋಗಲಿ ಬಿಡಿ. ನಾಳೆ ಇದೇ ಎಐಯನ್ನು ಅಜ್ಜಿಯ ರೈಲು ಎಷ್ಟು ಹೊತ್ತಿಗೆ, ನಿಮ್ಮ ಪರೀಕ್ಷೆ ಯಾವತ್ತು ಎಂದು ಕೇಳುವವರೂ ನೀವೇ ಅಲ್ಲವೇ?

ಈ ವಾರದ ಲೆಕ್ಕ: 2024ರ ಏಪ್ರಿಲ್ 7ರಂದು ಜಪಾನಿನ ಸುಜುಕಾದಲ್ಲಿ ಮಧ್ಯಾಹ್ನ 2ಕ್ಕೆ ರೇಸ್ ಇತ್ತು. ಜಪಾನ್ ಗಡಿಯಾರ ಯುಟಿಸಿಗಿಂತ 9 ಗಂಟೆ ಮುಂದೆ. ಹಾಗಾದರೆ ನಮ್ಮಲ್ಲಿ ಆಗ ಎಷ್ಟು ಹೊತ್ತು? ಅಜ್ಜನ ಜೊತೆ ಕೂತು ಮಾಡಿ. ಫೋನ್ ಮುಟ್ಟುವಂತಿಲ್ಲ!

(ಉತ್ತರ: ಬೆಳಿಗ್ಗೆ ಹತ್ತೂವರೆ)