ಮೊದಲಿಂದ ಹೇಳು ಎಂದಾಗ

ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ವಿಚಾರಿಸುವ ಪೋಕ್ಸೊ ನ್ಯಾಯಾಲಯದ ಮೆಟ್ಟಿಲು ಹತ್ತುವ ಹೊತ್ತಿಗೆ ಮಗು ತನ್ನ ಮೇಲಾದದ್ದನ್ನು ಹಲವರ ಮುಂದೆ ಹೇಳಿರುತ್ತದೆ. ಅಮ್ಮನಿಗೋ ಟೀಚರಿಗೋ ಮೊದಲು. ಆಮೇಲೆ ಪೊಲೀಸರಿಗೆ, ವೈದ್ಯರಿಗೆ, ಮಕ್ಕಳ ಕಲ್ಯಾಣ ಸಮಿತಿಗೆ, ಮ್ಯಾಜಿಸ್ಟ್ರೇಟರಿಗೆ. ನಡುವೆ ಆಪ್ತಸಮಾಲೋಚಕರು, ಸರ್ಕಾರಿ ವಕೀಲರು. ಎಲ್ಲರೂ ಕೇಳುವುದು ಒಂದೇ: ‘ಏನಾಯ್ತು, ಮೊದಲಿಂದ ಹೇಳು.’ ಯಾವುದು ಮೊದಲು ಎಂಬುದು ಎಷ್ಟೋ ಸಲ ಮಗುವಿಗೇ ತಿಳಿದಿರುವುದಿಲ್ಲ.

ಪ್ರಾಣಭಯದಲ್ಲಿ ಅಚ್ಚಾದ ನೆನಪು ಸಾಲಾಗಿ ಕೂರುವುದಿಲ್ಲ. ಆ ಕೋಣೆಯ ಫ್ಯಾನಿನ ಸದ್ದು, ಅಂಗಿಯ ಬಣ್ಣ, ಒಂದು ವಾಸನೆ ವರ್ಷಗಟ್ಟಲೆ ಮಾಸದೆ ಉಳಿಯಬಹುದು. ತಾರೀಖು, ವಾರ, ಎಷ್ಟು ಸಲ ಎಂಬ ಲೆಕ್ಕ ಕಲಸಿಹೋಗಬಹುದು. ಕಿರುಚಬೇಕಾದ ಗಳಿಗೆಯಲ್ಲಿ ಮೈ ಮರಗಟ್ಟಿ ದನಿಯೇ ಹೊರಡದಿರುವುದೂ ಉಂಟು. ಹೇಳುವಾಗ ಕೆಲವರು ಅಳುವುದಿಲ್ಲ. ಕೆಲವು ಮಕ್ಕಳು ನಗುತ್ತಾರೆ. ಇವೆಲ್ಲ ಆಘಾತದ ಗುರುತುಗಳಾಗಿರಬಹುದು. ಆದರೆ ಪಾಟೀಸವಾಲಿನಲ್ಲಿ ಇವನ್ನೇ ಸುಳ್ಳಿನ ಗುರುತುಗಳೆಂದು ತೋರಿಸುವುದು ಸುಲಭ. ಯಾಕೆ ಕೂಗಲಿಲ್ಲ, ಯಾಕೆ ಅವತ್ತೇ ಹೇಳಲಿಲ್ಲ, ಅಲ್ಲಿ ಸೋಮವಾರ ಅಂದವಳು ಇಲ್ಲಿ ಗುರುವಾರ ಅನ್ನುತ್ತೀಯಲ್ಲ?

ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಚೇತರಿಕೆಯ ಹಂತಗಳನ್ನು ಗುರುತಿಸಿದರು. ಸುರಕ್ಷತೆ ಮೊದಲು, ನೆನೆದು ದುಃಖಿಸುವುದು ಅನಂತರ, ಬದುಕಿನ ಜೊತೆ ಮತ್ತೆ ಬೆಸೆದುಕೊಳ್ಳುವುದು ಕೊನೆಗೆ. ನಮ್ಮ ವ್ಯವಸ್ಥೆಗೆ ಮೊದಲು ಬೇಕಾದದ್ದು ನೆನಪು. ಮಗು ಅದೇ ಓಣಿಯಲ್ಲಿ, ಕೆಲವೊಮ್ಮೆ ಅದೇ ಮನೆಯಲ್ಲಿ, ಆರೋಪಿಯ ಬಂಧುಗಳ ನಡುವೆ ಇರುವಾಗಲೇ ಹೇಳಿಕೆ ಕೊಡಬೇಕು. ನನ್ನ ಮಟ್ಟಿಗೆ ಕೇಡಿನ ಬೇರು ಇರುವುದು ಈ ತಿರುವುಮುರುವಿನಲ್ಲಿ.

2012ರ ನವೆಂಬರ್ 14ರಂದು, ಮಕ್ಕಳ ದಿನದಂದೇ, ಜಾರಿಗೆ ಬಂದ ಪೋಕ್ಸೊ ಕಾಯ್ದೆಯನ್ನು ಬರೆದವರಿಗೆ ಈ ಅರಿವಿತ್ತು. ಹೇಳಿಕೆಯನ್ನು ಮಗುವಿನ ಮನೆಯಲ್ಲೋ ಅದು ಬಯಸಿದ ಕಡೆಯೋ ಪಡೆಯಬೇಕು, ಪೊಲೀಸರು ಸಮವಸ್ತ್ರದಲ್ಲಿರಬಾರದು. ವಕೀಲರ ಪ್ರಶ್ನೆ ನೇರವಾಗಿ ಮಗುವಿಗೆ ಬೀಳುವಂತಿಲ್ಲ, ನ್ಯಾಯಾಧೀಶರ ಮೂಲಕವೇ ಬರಬೇಕು. ನಡುನಡುವೆ ಬಿಡುವು ಕೊಡಬೇಕು, ಪದೇ ಪದೇ ಕರೆಸಬಾರದು, ಸಾಕ್ಷ್ಯ ಹೇಳುವಾಗ ಆರೋಪಿ ಕಣ್ಣಿಗೆ ಬೀಳಬಾರದು. ಆಘಾತವನ್ನು ಅರಿತ ಆರೈಕೆ ಎಂದು ಇಂದು ತರಬೇತಿಗಳಲ್ಲಿ ಕಲಿಸುವ ಬಹಳಷ್ಟು ಸಂಗತಿ ಈ ಕಲಮುಗಳಲ್ಲಿಯೇ ಇದೆ. ಆರೋಪಿಗೆ ನ್ಯಾಯಯುತ ವಿಚಾರಣೆಯ ಹಕ್ಕು ಇದ್ದೇ ಇದೆ. ತಾರೀಖು ತಪ್ಪಿದ್ದರಿಂದಲೇ ಮಾತು ಸುಳ್ಳಾಗುವುದಿಲ್ಲ, ನಿಜವೂ ಆಗುವುದಿಲ್ಲ. ತೂಗುವವರಿಗೆ ಇದು ಗೊತ್ತಿರಬೇಕು.

ಕಾನೂನು ಮುಟ್ಟಲಾರದ ಸಣ್ಣ ಸಂಗತಿಗಳೂ ಇವೆ. ಯಾವ ಕುರ್ಚಿ ಬೇಕೆಂದು ಕೇಳುವುದು. ಬಾಗಿಲು ತೆರೆದಿಡಲೇ, ಮುಚ್ಚಲೇ ಎಂದು ಕೇಳುವುದು. ಪರೀಕ್ಷೆ ಮಾಡುವ ವೈದ್ಯರು ಕೈ ಎಲ್ಲಿಗೆ ಹೋಗುತ್ತದೆ, ಯಾಕೆ ಎಂದು ಮೊದಲೇ ಹೇಳಿ, ಒಪ್ಪಿಗೆ ಸಿಕ್ಕಮೇಲೆ ಮುಟ್ಟುವುದು. ‘ಗೊತ್ತಿಲ್ಲ, ನೆನಪಿಲ್ಲ ಅಂದರೂ ಸರಿ ಪುಟ್ಟಾ’ ಎಂದು ವಕೀಲರು ಮುಂಚೆಯೇ ತಿಳಿಸುವುದು. ವಾಯಿದೆ ಬಿದ್ದರೆ ಮುಂದಿನ ದಿನಾಂಕವನ್ನೂ ಕಾರಣವನ್ನೂ ಅವತ್ತೇ ಹೇಳುವುದು. ಯಾರದೋ ಇಷ್ಟಕ್ಕೆ ಮೈ ಒಡ್ಡಬೇಕಾಗಿ ಬಂದ ಮಗುವಿಗೆ ತನ್ನ ‘ಬೇಡ’ ನಡೆಯುತ್ತದೆ ಎಂಬ ಅನುಭವ ಮದ್ದಿಗಿಂತ ಕಡಿಮೆಯದಲ್ಲ. ಇದಕ್ಕೆ ಹಣ ಬೇಕಿಲ್ಲ, ಸಮಯ ಬೇಕು. ಕಡತಗಳ ರಾಶಿಯೆದುರು ಕೂತವರ ಬಳಿ ಇಲ್ಲದಿರುವುದೂ ಅದೇ. ದಿನವಿಡೀ ಇಂಥ ಮಾತು ಕೇಳುವವರ ನಿದ್ದೆಯೂ ಕೆಡುತ್ತದೆ. ಅವರ ಯೋಗಕ್ಷೇಮವನ್ನೂ ಇಲಾಖೆಗಳು ನೋಡಿಕೊಳ್ಳಬೇಕು.

ಪತ್ರಿಕೆಗಳೂ ‘ಏನಾಯ್ತು ಹೇಳಿ’ ಎಂದು ಕೇಳುವವರ ಸಾಲಿನಲ್ಲೇ ನಿಂತಿವೆ. ಮಗುವಿನ ಹೆಸರು, ವಿಳಾಸ, ಚಿತ್ರ, ಮನೆಯವರು, ಶಾಲೆ, ಬಡಾವಣೆ ಯಾವುದನ್ನೂ ಬಯಲುಮಾಡಬಾರದೆಂದು ಪೋಕ್ಸೊದ 23ನೇ ಕಲಮು ಹೇಳುತ್ತದೆ. ಅದು ಕನಿಷ್ಠ ಮಿತಿ. ತಮ್ಮ ಮೇಲಾದ ಹಿಂಸೆಯ ಬಗ್ಗೆ ನಮ್ಮ ಪತ್ರಿಕೆಗೆ ಬರೆಯುವ ವಯಸ್ಕರಿಗೆ ನಾವು ಕೊಡುವ ಮಾತು ಇಷ್ಟು: ಬರಹ ಕ್ರಮವಾಗಿಲ್ಲ ಎಂದು ತಿದ್ದಲು ಹೋಗುವುದಿಲ್ಲ, ಬಿಟ್ಟ ಜಾಗವನ್ನು ತುಂಬಿಕೊಡಿ ಎಂದು ಒತ್ತಾಯಿಸುವುದಿಲ್ಲ. ಅಚ್ಚಿಗೆ ಹೋಗುವ ಹಿಂದಿನ ದಿನ ಬೇಡವೆನಿಸಿದರೂ ಫೋನ್ ಮಾಡಿ ಹೇಳಬಹುದು, ಪುಟ ತೆಗೆಯುತ್ತೇವೆ. ಕಾರಣ ಕೇಳುವುದಿಲ್ಲ.